ವಿಂಡೋಸ್‌ನಲ್ಲಿ ಬಿಟ್‌ಕಾಯಿನ್ ಕೋರ್ ಕಂಪೈಲ್ ಮಾಡೋದು ಹೇಗೆ?

2009ರ ಜನವರಿಯಲ್ಲಿ ಬಿಟ್‌ಕಾಯಿನ್‌ನ ಮೊದಲ ಆವೃತ್ತಿ ಹೊರಬಂದಾಗ ಅದು ಓಡುತ್ತಿದ್ದದ್ದು ವಿಂಡೋಸ್‌ನಲ್ಲಿ ಮಾತ್ರ. ಈಗ ಕಥೆ ತಿರುವುಮುರುವಾಗಿದೆ. ಆ ಪ್ರೋಗ್ರಾಮ್‌ನ ಇಂದಿನ ರೂಪವೇ ಬಿಟ್‌ಕಾಯಿನ್ ಕೋರ್. ಅದರ ಅಧಿಕೃತ ವಿಂಡೋಸ್ ಫೈಲ್‌ಗಳು ತಯಾರಾಗುವುದೇ ಲಿನಕ್ಸ್ ಮೇಲೆ. ಹಾಗಾಗಿ ವಿಂಡೋಸ್‌ನಲ್ಲಿ ಕೂತು ಸೋರ್ಸ್‌ನಿಂದ, ಅಂದರೆ ಮೂಲ ಕೋಡ್‌ನಿಂದ, ಕಂಪೈಲ್ ಮಾಡಿ ಓಡುವ ಪ್ರೋಗ್ರಾಮ್ ತಯಾರಿಸುವುದು ಕಷ್ಟದ ಕೆಲಸ ಎಂಬ ಮಾತು ಬಹಳ ದಿನ ಓಡಾಡುತ್ತಿತ್ತು. ಒಂದು ಕಾಲಕ್ಕೆ ಅದು ನಿಜವೂ ಆಗಿತ್ತು. ಈಗ ಅಷ್ಟೇನೂ ಇಲ್ಲ. ಸಮಯ ಹಿಡಿಯುತ್ತದೆ, ಆದರೆ ನೀವು ಟೈಪ್ ಮಾಡಬೇಕಾದದ್ದು ಬೆರಳೆಣಿಕೆಯಷ್ಟು ಸಾಲು.

ಮೊದಲೇ ಒಂದು ಮಾತು. ತಾನೇ ಕಂಪೈಲ್ ಮಾಡಿದ ಮಾತ್ರಕ್ಕೆ ಸಾಫ್ಟ್‌ವೇರ್ ಸುರಕ್ಷಿತ ಆಗುವುದಿಲ್ಲ. ಕಳ್ಳ ಕೋಡನ್ನು ನಮ್ಮ ಕೈಯಾರೆ ಕಂಪೈಲ್ ಮಾಡಿದರೆ ಸಿಗುವುದು ಕಳ್ಳ ಪ್ರೋಗ್ರಾಮೇ. ಇಲ್ಲಿ ಹಣ ಕಾಪಾಡುವ ಹೆಜ್ಜೆ ಕಂಪೈಲರ್ ಅಲ್ಲ, ಸೋರ್ಸ್‌ನ ಸಹಿ ಪರೀಕ್ಷೆ. ಬಹಳ ಜನ ಬಿಟ್ಟುಬಿಡುವುದೂ ಅದನ್ನೇ. ಅದಕ್ಕೇ ಆ ಭಾಗವನ್ನು ಕೊಂಚ ಉದ್ದವಾಗಿ ಬರೆದಿದ್ದೇನೆ.

ಇನ್ನೊಂದು ವಿಷಯ. ಕಮಾಂಡ್‌ಗಳನ್ನು ಇಲ್ಲಿ ಉಚ್ಚಾರಣೆಯ ಪ್ರಕಾರ ಕನ್ನಡದಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ ಬೇಕು. ಅಕ್ಷರಶಃ ಸಾಲುಗಳು ಸೋರ್ಸ್‌ನ ಒಳಗಿನ 'ಡಾಕ್' ಫೋಲ್ಡರ್‌ನಲ್ಲೇ ಇವೆ. ಅಲ್ಲಿ ವಿಂಡೋಸ್‌ಗೆ ಎರಡು ಕಡತ ಇವೆ: ಹೆಸರು 'ಬಿಲ್ಡ್-ವಿಂಡೋಸ್' ಅಂತ ಇರುವುದು ಲಿನಕ್ಸ್ ದಾರಿಯದ್ದು, 'ಬಿಲ್ಡ್-ವಿಂಡೋಸ್-ಎಂಎಸ್‌ವಿಸಿ' ಅಂತ ಇರುವುದು ಮೈಕ್ರೋಸಾಫ್ಟ್‌ನ ಪ್ರೋಗ್ರಾಮಿಂಗ್ ಸಾಧನ ವಿಷುಯಲ್ ಸ್ಟುಡಿಯೊದ ದಾರಿಯದ್ದು. ಯಾವ ಆವೃತ್ತಿ ಕಂಪೈಲ್ ಮಾಡುತ್ತೀರೋ ಅದೇ ಆವೃತ್ತಿಯ ಕಡತವನ್ನು ಪಕ್ಕದಲ್ಲಿ ತೆರೆದಿಟ್ಟುಕೊಳ್ಳಿ. ಹುಡುಕಿದರೆ ಸಿಗುವ ಹಳೆಯ ಟ್ಯುಟೋರಿಯಲ್‌ಗಳನ್ನು ನಂಬಬೇಡಿ. ಓಪನ್‌ಎಸ್‌ಎಸ್‌ಎಲ್, ಬರ್ಕ್ಲಿ ಡಿಬಿ 4.8 ಎಂಬ ಲೈಬ್ರರಿಗಳನ್ನು (ಸಿದ್ಧ ಕೋಡ್‌ನ ಕಟ್ಟುಗಳನ್ನು) ಇಳಿಸಿ, ಎಲ್ಲವನ್ನೂ ಸಿ ಡ್ರೈವ್‌ನ 'ಡೆಪ್ಸ್' ಫೋಲ್ಡರ್‌ಗೆ ಹಾಕಿ ಅಂತ ಯಾರಾದರೂ ಹೇಳಿದರೆ ಆ ಲೇಖನಕ್ಕೆ ಎಷ್ಟೋ ವರ್ಷ ವಯಸ್ಸಾಗಿದೆ ಅಂತ ತಿಳಿಯಿರಿ. ಓಪನ್‌ಎಸ್‌ಎಸ್‌ಎಲ್ ಅವಲಂಬನೆಯನ್ನು 2020ರ 0.20 ಆವೃತ್ತಿಯಲ್ಲೇ ಕಿತ್ತುಹಾಕಲಾಗಿದೆ. 'ಆಟೋಜೆನ್', 'ಕಾನ್ಫಿಗರ್' ಅಂತ ಶುರುವಾಗುವ ಟ್ಯುಟೋರಿಯಲ್ ಕೂಡ ಹಳೆಯದೇ. 2025ರಲ್ಲಿ ಬಂದ 29ನೇ ಆವೃತ್ತಿಯಿಂದ ಇಡೀ ಬಿಲ್ಡ್ ವ್ಯವಸ್ಥೆ, ಅಂದರೆ ಕೋಡ್‌ನಿಂದ ಪ್ರೋಗ್ರಾಮ್ ತಯಾರಿಸುವ ವ್ಯವಸ್ಥೆ, ಸಿಮೇಕ್ ಎಂಬ ಉಪಕರಣಕ್ಕೆ ಬದಲಾಗಿದೆ.

ಎರಡು ದಾರಿ, ಯಾವುದು ನಿಮ್ಮದು?

ಒಂದು, ವಿಷುಯಲ್ ಸ್ಟುಡಿಯೊ ಬಳಸಿ ನೇರವಾಗಿ ವಿಂಡೋಸ್‌ನಲ್ಲೇ ಕಂಪೈಲ್ ಮಾಡುವುದು. ಇನ್ನೊಂದು, ವಿಂಡೋಸ್ ಒಳಗೇ ಲಿನಕ್ಸ್ ಓಡಿಸುವ ಡಬ್ಲ್ಯುಎಸ್‌ಎಲ್ ಹಾಕಿಕೊಂಡು, ಅಲ್ಲಿಂದ ವಿಂಡೋಸ್‌ನ ಇಎಕ್ಸ್‌ಇ ಫೈಲ್ ತಯಾರಿಸುವುದು. ಇದಕ್ಕೆ ಕ್ರಾಸ್ ಕಂಪೈಲ್ ಅನ್ನುತ್ತಾರೆ.

ಲಿನಕ್ಸ್ ಟರ್ಮಿನಲ್ ಅಭ್ಯಾಸ ಇಲ್ಲದವರಿಗೆ ಮೊದಲ ದಾರಿ ಸುಲಭ. ಅಧಿಕೃತ ಫೈಲ್‌ಗಳು ತಯಾರಾಗುವ ರೀತಿಗೆ ಹತ್ತಿರ ಇರುವುದು ಎರಡನೆಯದು. ನಾನು ಮೊದಲ ಸಲದವರಿಗೆ ವಿಷುಯಲ್ ಸ್ಟುಡಿಯೊ ದಾರಿಯನ್ನೇ ಹೇಳುತ್ತೇನೆ. ಅದನ್ನೇ ಇಲ್ಲಿ ಪೂರ್ತಿ ವಿವರಿಸಿ, ಡಬ್ಲ್ಯುಎಸ್‌ಎಲ್ ದಾರಿಯಲ್ಲಿ ಕಾಲು ಸಿಕ್ಕಿಹಾಕಿಕೊಳ್ಳುವ ಜಾಗಗಳನ್ನು ಆಮೇಲೆ ಹೇಳುತ್ತೇನೆ.

ಸಾಮಾನು ಜೋಡಿಸುವುದು

ವಿಷುಯಲ್ ಸ್ಟುಡಿಯೊ 2022 ಬೇಕು. ಅದರ ಕನಿಷ್ಠ ಆವೃತ್ತಿ ಯಾವುದು ಅಂತ ಎಂಎಸ್‌ವಿಸಿ ಕಡತದಲ್ಲಿ ನೋಡಿಕೊಳ್ಳಿ. ಉಚಿತವಾಗಿ ಸಿಗುವ ಕಮ್ಯುನಿಟಿ ಆವೃತ್ತಿ ಸಾಕು. ಇನ್‌ಸ್ಟಾಲ್ ಮಾಡುವಾಗ 'ಡೆಸ್ಕ್‌ಟಾಪ್ ಡೆವಲಪ್‌ಮೆಂಟ್ ವಿತ್ ಸಿ++' ಎಂಬ ವರ್ಕ್‌ಲೋಡ್‌ಗೆ ಟಿಕ್ ಹಾಕಿ. ಸಿಮೇಕ್ ಮತ್ತು ವಿಸಿಪಿಕೆಜಿ ಅದರ ಜೊತೆಗೇ ಬರುತ್ತವೆ. ವಿಸಿಪಿಕೆಜಿ ಅಂದರೆ ಬೂಸ್ಟ್, ಲಿಬ್‌ಇವೆಂಟ್, ಎಸ್‌ಕ್ಯೂಲೈಟ್‌ನಂತಹ ಲೈಬ್ರರಿಗಳನ್ನು ತಾನೇ ತಂದು ಕಂಪೈಲ್ ಮಾಡಿಕೊಡುವ ಪ್ಯಾಕೇಜ್ ಮ್ಯಾನೇಜರ್. ಹಿಂದೆ ಜನ ದಿನಗಟ್ಟಲೆ ಒದ್ದಾಡುತ್ತಿದ್ದದ್ದು ಈ ಲೈಬ್ರರಿಗಳ ಜೊತೆಯೇ.

ಇದರ ಮೇಲೆ ಗಿಟ್ ಬೇಕು, ಕೋಡ್‌ನ ಆವೃತ್ತಿಗಳನ್ನು ಇಳಿಸಿ ನಿಭಾಯಿಸುವ ಸಾಧನ ಅದು. ಪರೀಕ್ಷೆಗಳನ್ನು ಓಡಿಸುವ ಮನಸ್ಸಿದ್ದರೆ ಪೈಥಾನ್ ಕೂಡ ಹಾಕಿಕೊಳ್ಳಿ.

ಡಿಸ್ಕ್‌ನಲ್ಲಿ ಸುಮಾರು 50 ಜಿಬಿ ಖಾಲಿ ಇದ್ದರೆ ನೆಮ್ಮದಿ. ಸೋರ್ಸ್ ಕೋಡ್ ಅಷ್ಟೇನೂ ದೊಡ್ಡದಲ್ಲ. ಆದರೆ ವಿಷುಯಲ್ ಸ್ಟುಡಿಯೊ ಮತ್ತು ಲೈಬ್ರರಿಗಳ ಮಧ್ಯಂತರ ಫೈಲ್‌ಗಳು ಜಾಗ ನುಂಗುತ್ತವೆ.

ಈಗ ಜಾಗದ ಆಯ್ಕೆ. ಸೋರ್ಸ್ ಇಡುವ ಫೋಲ್ಡರ್‌ನ ಹಾದಿ ಚಿಕ್ಕದಾಗಿರಲಿ, ಅದರಲ್ಲಿ ಖಾಲಿ ಜಾಗ ಅಂದರೆ ಸ್ಪೇಸ್ ಬೇಡವೇ ಬೇಡ. ಸಿ ಡ್ರೈವ್‌ನಲ್ಲಿ ನೇರವಾಗಿ 'ಎಸ್‌ಆರ್‌ಸಿ' ಅಂತ ಒಂದು ಫೋಲ್ಡರ್ ಮಾಡಿ. ಡೆಸ್ಕ್‌ಟಾಪ್ ಬೇಡ, ಡಾಕ್ಯುಮೆಂಟ್ಸ್ ಬೇಡ, ಕ್ಲೌಡ್‌ಗೆ ತಾನಾಗಿ ಸಿಂಕ್ ಆಗುವ ಫೋಲ್ಡರ್ ಅಂತೂ ಖಂಡಿತ ಬೇಡ. ವಿಂಡೋಸ್‌ನಲ್ಲಿ ಫೈಲ್ ಹಾದಿಗೆ ಹಳೆಯ ಕಾಲದಿಂದಲೂ 260 ಅಕ್ಷರಗಳ ಮಿತಿ ಇದೆ. ವಿಸಿಪಿಕೆಜಿ ಫೋಲ್ಡರ್ ಒಳಗೆ ಫೋಲ್ಡರ್ ಮಾಡುತ್ತಾ ಹೋಗುತ್ತದೆ, ಮಿತಿ ಬೇಗ ಮುಟ್ಟುತ್ತದೆ. ನಾನೊಮ್ಮೆ ನನ್ನ ಹೆಸರಿನ ಮಧ್ಯೆ ಸ್ಪೇಸ್ ಇದ್ದ ಯೂಸರ್ ಫೋಲ್ಡರ್‌ನಲ್ಲಿ ಶುರು ಮಾಡಿ ಒಂದು ಸಂಜೆ ಪೂರ್ತಿ ಕಳೆದುಕೊಂಡೆ. ಫೋಲ್ಡರ್ ಬದಲಾಯಿಸಿದ ಕೂಡಲೇ ಅದೇ ಕಮಾಂಡ್ ಸರಾಗವಾಗಿ ಓಡಿತು.

ಸೋರ್ಸ್ ತರುವುದು, ಸಹಿ ನೋಡುವುದು

ಬಿಟ್‌ಕಾಯಿನ್ ಕೋರ್‌ನ ಕೋಡ್ ಇರುವುದು ಗಿಟ್‌ಹಬ್‌ನಲ್ಲಿ. ಸಂಸ್ಥೆಯ ಹೆಸರೂ 'ಬಿಟ್‌ಕಾಯಿನ್', ರೆಪೊಸಿಟರಿಯ, ಅಂದರೆ ಕೋಡ್ ಇಟ್ಟ ಭಂಡಾರದ ಹೆಸರೂ 'ಬಿಟ್‌ಕಾಯಿನ್'. ಸರ್ಚ್‌ನಲ್ಲಿ ಮೊದಲು ಬಂದ ಲಿಂಕ್ ಒತ್ತಬೇಡಿ. ಹೆಸರಲ್ಲಿ ಒಂದೇ ಅಕ್ಷರ ವ್ಯತ್ಯಾಸ ಇರುವ ನಕಲಿಗಳನ್ನು ಯಾರು ಬೇಕಾದರೂ ಮಾಡಬಹುದು, ಅಲ್ವಾ? ವಿಳಾಸವನ್ನು ಕೈಯಾರೆ ಟೈಪ್ ಮಾಡಿ 'ಗಿಟ್ ಕ್ಲೋನ್' ಕೊಡಿ.

ಕ್ಲೋನ್ ಆದಾಗ ನಿಮ್ಮ ಕೈಗೆ ಬರುವುದು 'ಮಾಸ್ಟರ್' ಶಾಖೆ. ಅದು ದಿನವೂ ಬದಲಾಗುವ ಕೋಡ್, ಹಣ ಇಡುವ ಜಾಗ ಅಲ್ಲ. 'ಗಿಟ್ ಟ್ಯಾಗ್' ಕೊಟ್ಟರೆ ಬಿಡುಗಡೆಯಾದ ಆವೃತ್ತಿಗಳ ಪಟ್ಟಿ ಬರುತ್ತದೆ. ಕೊನೆಯಲ್ಲಿ 'ಆರ್‌ಸಿ' ಅಂತ ಇರುವವು ಪ್ರಯೋಗದ ಆವೃತ್ತಿಗಳು, ಅವನ್ನು ಬಿಡಿ. ಹೊಸ ಸ್ಥಿರ ಆವೃತ್ತಿಯ ಟ್ಯಾಗ್ ಆರಿಸಿಕೊಂಡು ಗಮನದಲ್ಲಿಡಿ. ಚೆಕ್‌ಔಟ್ ಈಗಲೇ ಬೇಡ, ಮೊದಲು ಸಹಿ ನೋಡೋಣ.

ಪ್ರತಿ ಟ್ಯಾಗ್ ಮೇಲೂ ಯೋಜನೆಯ ಒಬ್ಬ ನಿರ್ವಾಹಕರ ಪಿಜಿಪಿ ಸಹಿ, ಅಂದರೆ ಅವರ ಗುಪ್ತ ಕೀಲಿಯಿಂದ ಹಾಕಿದ ಡಿಜಿಟಲ್ ಸಹಿ ಇರುತ್ತದೆ. ವಿಂಡೋಸ್‌ನ ಗಿಟ್ ಜೊತೆ ಬರುವ ಗಿಟ್ ಬ್ಯಾಷ್ ವಿಂಡೋದಲ್ಲಿ ಜಿಪಿಜಿ ಪ್ರೋಗ್ರಾಮ್ ಮೊದಲೇ ಇದೆ, ಬೇರೆ ಹಾಕಬೇಕಿಲ್ಲ. 'ಗಿಟ್ ಟ್ಯಾಗ್ -ವಿ' ಬರೆದು ಟ್ಯಾಗ್‌ನ ಹೆಸರು ಕೊಡಿ. ಮೊದಲ ಸಲ ಕೀಲಿ ಸಿಗಲಿಲ್ಲ ಅಂತಲೇ ಬರುತ್ತದೆ, ಏಕೆಂದರೆ ನಿರ್ವಾಹಕರ ಸಾರ್ವಜನಿಕ ಕೀಲಿ ನಿಮ್ಮ ಹತ್ತಿರ ಇನ್ನೂ ಇಲ್ಲ. ಆ ಸಂದೇಶದಲ್ಲೇ ಕೀಲಿಯ ಬೆರಳಚ್ಚು, ಅಂದರೆ ಉದ್ದನೆಯ ಫಿಂಗರ್‌ಪ್ರಿಂಟ್ ಕಾಣುತ್ತದೆ. ಕೀಲಿಗಳು ಅದೇ ಯೋಜನೆಯ 'ಗೀಕ್ಸ್.ಸಿಗ್ಸ್' ಎಂಬ ರೆಪೊಸಿಟರಿಯ 'ಬಿಲ್ಡರ್-ಕೀಸ್' ಫೋಲ್ಡರ್‌ನಲ್ಲಿ ಸಿಗುತ್ತವೆ. ಬೇಕಾದದ್ದನ್ನು ಇಳಿಸಿಕೊಂಡು 'ಜಿಪಿಜಿ --ಇಂಪೋರ್ಟ್' ಮಾಡಿ, ಮತ್ತೆ ಪರೀಕ್ಷಿಸಿ.

ಈಗ 'ಗುಡ್ ಸಿಗ್ನೇಚರ್' ಅಂತ ಬರಬೇಕು. ಅದರ ಕೆಳಗೇ ಈ ಕೀಲಿ ನಂಬಿಕಸ್ಥ ಅಂತ ಯಾರೂ ದೃಢಪಡಿಸಿಲ್ಲ ಎಂಬ ಎಚ್ಚರಿಕೆಯೂ ಬರುತ್ತದೆ. ಗಾಬರಿ ಬೇಡ. ಆ ಕೀಲಿಯನ್ನು ನೀವು ಇನ್ನೂ ನಂಬಿಕೆಯ ಪಟ್ಟಿಗೆ ಸೇರಿಸಿಲ್ಲ ಅಂತ ಅಷ್ಟೇ ಅದರ ಅರ್ಥ. 'ಬ್ಯಾಡ್ ಸಿಗ್ನೇಚರ್' ಬಂದರೆ ಮಾತ್ರ ಅಲ್ಲಿಗೇ ನಿಲ್ಲಿಸಿ, ಫೋಲ್ಡರ್ ಅಳಿಸಿ.

ಇಲ್ಲಿ ಒಂದು ಸೂಕ್ಷ್ಮ ಇದೆ. ಸೋರ್ಸ್ ಒಳಗೇ, 'ಕಂಟ್ರಿಬ್' ಫೋಲ್ಡರ್‌ನ 'ವೆರಿಫೈ-ಕಮಿಟ್ಸ್' ಎಂಬಲ್ಲಿ, ನಂಬಬಹುದಾದ ಕೀಲಿಗಳ ಪಟ್ಟಿ ಇದೆ. ಅನುಕೂಲ ನಿಜ. ಆದರೆ ಕೋಡನ್ನೇ ತಿರುಚಿದವನು ಆ ಪಟ್ಟಿಯನ್ನು ಬಿಡುತ್ತಾನಾ? ಹಾಗಾಗಿ ಫಿಂಗರ್‌ಪ್ರಿಂಟ್ ಅನ್ನು ಹೊರಗಿನ ಎರಡು ಮೂರು ಕಡೆ ತಾಳೆ ನೋಡಿ: ನಿರ್ವಾಹಕರ ಸ್ವಂತ ತಾಣ, ಸಾರ್ವಜನಿಕ ಕೀ ಸರ್ವರ್, ಈ ಕೆಲಸ ಮೊದಲೇ ಮಾಡಿರುವ ಗೆಳೆಯರು. ಕೊನೆಯ ನಾಲ್ಕು ಅಕ್ಷರ ಹೊಂದಿದರೆ ಸಾಲದು, ನಲವತ್ತೂ ಹೊಂದಬೇಕು. ಇದು ಒಂದೇ ಸಲದ ಕೆಲಸ. ಮುಂದಿನ ಆವೃತ್ತಿಗೆ ಅದೇ ಕೀಲಿಯ ಸಹಿ ಇದ್ದರೆ ಒಂದೇ ಸಾಲಿನಲ್ಲಿ ಮುಗಿಯುತ್ತದೆ.

ಸಹಿ ಸರಿ ಇದ್ದರೆ 'ಗಿಟ್ ಚೆಕ್‌ಔಟ್' ಮಾಡಿ ಆ ಟ್ಯಾಗ್‌ಗೆ ಬನ್ನಿ. 'ಡಿಟ್ಯಾಚ್ಡ್ ಹೆಡ್' ಅಂತ ಗಿಟ್ ಏನೋ ಉದ್ದದ ಮಾತು ಹೇಳುತ್ತದೆ. ಅದು ಸಹಜ.

ಕಾನ್ಫಿಗರ್: ಇಲ್ಲೇ ಹೆಚ್ಚು ಸಮಯ

ಸ್ಟಾರ್ಟ್ ಮೆನುವಿನಲ್ಲಿ 'ಡೆವಲಪರ್ ಪವರ್‌ಶೆಲ್ ಫಾರ್ ವಿಎಸ್ 2022' ಹುಡುಕಿ ತೆರೆಯಿರಿ. ಮಾಮೂಲಿ ಪವರ್‌ಶೆಲ್ ತೆರೆದರೆ ಕಂಪೈಲರ್, ವಿಸಿಪಿಕೆಜಿ ಎಲ್ಲಿವೆ ಅಂತ ಅದಕ್ಕೆ ಗೊತ್ತಿರುವುದಿಲ್ಲ. ಮೊದಲ ಸಲದವರು ಎಡವುವುದು ಬಹುಪಾಲು ಇಲ್ಲೇ.

ಸೋರ್ಸ್ ಫೋಲ್ಡರ್ ಒಳಗೆ ಹೋಗಿ 'ಸಿಮೇಕ್ --ಲಿಸ್ಟ್-ಪ್ರೀಸೆಟ್ಸ್' ಕೊಡಿ. 'ವಿಎಸ್2022' ಮತ್ತು 'ವಿಎಸ್2022-ಸ್ಟ್ಯಾಟಿಕ್' ಅಂತ ಎರಡು ಪ್ರೀಸೆಟ್, ಅಂದರೆ ಸಿದ್ಧ ಸೆಟ್ಟಿಂಗ್‌ಗಳ ಕಟ್ಟು ಕಾಣಬೇಕು. ಮೊದಲನೆಯದರಲ್ಲಿ ಇಎಕ್ಸ್‌ಇ ಜೊತೆಗೆ ಡಿಎಲ್‌ಎಲ್ ಫೈಲ್‌ಗಳನ್ನೂ ಹೊತ್ತೊಯ್ಯಬೇಕು. ಎರಡನೆಯದರಲ್ಲಿ ಲೈಬ್ರರಿಗಳೆಲ್ಲ ಇಎಕ್ಸ್‌ಇ ಒಳಗೇ ಸೇರಿರುತ್ತವೆ. ಇನ್ನೊಂದು ಕಂಪ್ಯೂಟರ್‌ಗೆ ಕಾಪಿ ಮಾಡುವ ಯೋಚನೆ ಇದ್ದರೆ ಸ್ಟ್ಯಾಟಿಕ್ ವಾಸಿ.

ಕಮಾಂಡ್ ಹೀಗಿದೆ: 'ಸಿಮೇಕ್ -ಬಿ ಬಿಲ್ಡ್ --ಪ್ರೀಸೆಟ್ ವಿಎಸ್2022-ಸ್ಟ್ಯಾಟಿಕ್'. '-ಬಿ ಬಿಲ್ಡ್' ಅಂದರೆ ಎಲ್ಲ ಕೆಲಸವೂ 'ಬಿಲ್ಡ್' ಎಂಬ ಬೇರೆ ಫೋಲ್ಡರ್‌ನಲ್ಲಿ ನಡೆಯಲಿ ಅಂತ. ಸೋರ್ಸ್ ಕೊಳೆಯಾಗುವುದಿಲ್ಲ.

ಹೆಸರಿಗೆ ಇದು ಕಾನ್ಫಿಗರ್ ಹಂತ. ಆದರೆ ವಿಸಿಪಿಕೆಜಿ ಎಲ್ಲ ಲೈಬ್ರರಿಗಳನ್ನು ಇಳಿಸಿ ಕಂಪೈಲ್ ಮಾಡುವುದು ಈ ಹೊತ್ತಿನಲ್ಲೇ. ಅದರಲ್ಲೂ ಕ್ಯೂಟಿ, ಅಂದರೆ ಕಿಟಕಿ ಬಟನ್‌ಗಳನ್ನು ತೋರಿಸುವ ಲೈಬ್ರರಿ, ಉಳಿದೆಲ್ಲಕ್ಕಿಂತ ಜಾಸ್ತಿ ಹೊತ್ತು ತಿನ್ನುತ್ತದೆ. ಪರದೆ ಸುಮ್ನೆ ನಿಂತಂತೆ ಕಾಣುತ್ತದೆ, ಕೆಟ್ಟಿದೆ ಅಂತ ಮುಚ್ಚಬೇಡಿ. ಟಾಸ್ಕ್ ಮ್ಯಾನೇಜರ್‌ನಲ್ಲಿ ಪ್ರೊಸೆಸರ್ ದುಡಿಯುತ್ತಿದೆಯಾ ನೋಡಿ, ಎದ್ದು ಹೋಗಿ ಬೇರೆ ಕೆಲಸ ಮಾಡಿಕೊಳ್ಳಿ.

ನಿಮಗೆ ಕಿಟಕಿ ಬೇಡ, ಹಿನ್ನೆಲೆಯಲ್ಲಿ ಓಡುತ್ತಾ ಬಿಟ್‌ಕಾಯಿನ್ ಜಾಲಕ್ಕೆ ಸೇರುವ ನೋಡ್ ಮಾತ್ರ ಸಾಕು ಅಂದರೆ ಕ್ಯೂಟಿ ಬಿಟ್ಟುಬಿಡಿ. ಇಲ್ಲಿ ಎರಡು ಕಡೆ ಹೇಳಬೇಕು. 'ಬಿಲ್ಡ್_ಜಿಯುಐ' ಆಯ್ಕೆಯನ್ನು ಆಫ್ ಮಾಡುವುದು ಸಿಮೇಕ್‌ಗೆ. ಅಷ್ಟೇ ಮಾಡಿ ಬಿಟ್ಟರೆ ವಿಸಿಪಿಕೆಜಿ ತನ್ನ ಪಟ್ಟಿಯ ಪ್ರಕಾರ ಕ್ಯೂಟಿಯನ್ನು ತರುತ್ತಲೇ ಇರುತ್ತದೆ. ಅದಕ್ಕೆ 'ವಿಸಿಪಿಕೆಜಿ_ಮ್ಯಾನಿಫೆಸ್ಟ್_ನೋ_ಡಿಫಾಲ್ಟ್_ಫೀಚರ್ಸ್' ಆನ್ ಮಾಡಿ, ಬೇಕಾದ ಫೀಚರ್‌ಗಳಾಗಿ 'ವ್ಯಾಲೆಟ್' ಮತ್ತು 'ಟೆಸ್ಟ್ಸ್' ಅಷ್ಟನ್ನೇ ಹೆಸರಿಸಬೇಕು. ಆಗ ಬೇರೆ ಪ್ರೋಗ್ರಾಮ್‌ಗಳಿಗೆ ಸುದ್ದಿ ಕಳಿಸುವ ಜೀರೊಎಂಕ್ಯೂ ಲೈಬ್ರರಿ ಕೂಡ ಬರುವುದಿಲ್ಲ, ಸಿಮೇಕ್‌ನಲ್ಲಿ ಅದನ್ನೂ ಆಫ್ ಮಾಡಿ. ಇಡೀ ಸಾಲು ಎಂಎಸ್‌ವಿಸಿ ಕಡತದಲ್ಲಿ ಉದಾಹರಣೆಯಾಗಿಯೇ ಇದೆ. ವ್ಯತ್ಯಾಸ ದೊಡ್ಡದು.

ವಿಂಡೋಸ್ ಡಿಫೆಂಡರ್ ಪ್ರತಿ ಚಿಕ್ಕ ಫೈಲನ್ನೂ ಹುಟ್ಟಿದ ತಕ್ಷಣ ಪರೀಕ್ಷಿಸುತ್ತದೆ. ಇದರಿಂದ ಬಿಲ್ಡ್ ನಿಧಾನ ಆಗುತ್ತದೆ. ಈ ಒಂದು ಫೋಲ್ಡರನ್ನು ಮಾತ್ರ ಅದರ ವಿನಾಯಿತಿ ಪಟ್ಟಿಗೆ ಸೇರಿಸಬಹುದು. ಯೋಜನೆಯ ಕಡತದಲ್ಲೂ ಈ ಸಲಹೆ ಇದೆ. ಇಡೀ ಡಿಫೆಂಡರ್ ಆಫ್ ಮಾಡಿ ಅಂತ ಎಲ್ಲಾದರೂ ಓದಿದರೆ ಆ ಮಾತು ಕೇಳಬೇಡಿ. ಬಿಲ್ಡ್ ಮುಗಿದ ಮೇಲೆ ವಿನಾಯಿತಿ ತೆಗೆದುಹಾಕಿ.

ಬಿಲ್ಡ್ ಮತ್ತು ಪರೀಕ್ಷೆ

'ಸಿಮೇಕ್ --ಬಿಲ್ಡ್ ಬಿಲ್ಡ್ --ಕಾನ್ಫಿಗ್ ರಿಲೀಸ್'. ಕೊನೆಯ ಭಾಗ ಮರೆತರೆ ದೋಷ ಹುಡುಕಲು ಬಳಸುವ ಡಿಬಗ್ ಆವೃತ್ತಿ ತಯಾರಾಗುತ್ತದೆ. ಅದು ದೊಡ್ಡದು, ನಿಧಾನ. '-ಜೆ' ಹಾಕಿ ಪಕ್ಕದಲ್ಲಿ ಒಂದು ಸಂಖ್ಯೆ ಕೊಟ್ಟರೆ ಅಷ್ಟು ಕೆಲಸ ಒಟ್ಟಿಗೆ ನಡೆಯುತ್ತವೆ. ಮೆಮೊರಿ ಕಡಿಮೆ ಇದ್ದರೆ ಇಲ್ಲಿ ಆಸೆಬುರುಕತನ ಬೇಡ. ಸಿ++ ಕಂಪೈಲರ್ ಮೆಮೊರಿ ತಿನ್ನುವುದರಲ್ಲಿ ಎತ್ತಿದ ಕೈ. ಒಂದೊಂದು ಕೆಲಸಕ್ಕೂ ಒಂದೂವರೆ ಎರಡು ಜಿಬಿ ಇಟ್ಟುಕೊಂಡು ಲೆಕ್ಕ ಹಾಕಿ. 'ಔಟ್ ಆಫ್ ಹೀಪ್ ಸ್ಪೇಸ್' ಅಂತ ಸಿ1060 ದೋಷ ಬಂದರೆ ಸಂಖ್ಯೆ ಇಳಿಸಿ ಮತ್ತೆ ಅದೇ ಕಮಾಂಡ್ ಕೊಡಿ. ಆಗಿರುವಷ್ಟು ಆಗಿರುತ್ತದೆ, ಉಳಿದದ್ದು ಮುಂದುವರಿಯುತ್ತದೆ.

ದೋಷ ಬಂದಾಗ ಕೊನೆಯ ಸಾಲು ಓದಿ ತಲೆ ಕೆಡಿಸಿಕೊಳ್ಳಬೇಡಿ. ಕೊನೆಯ ಸಾಲು 'ಆಗಲಿಲ್ಲ' ಅನ್ನುತ್ತದೆ ಅಷ್ಟೇ. ಮೇಲಕ್ಕೆ ಹೋಗಿ ಮೊಟ್ಟಮೊದಲ 'ಎರರ್' ಹುಡುಕಿ. ಕಾರಣ ಇರುವುದು ಅಲ್ಲಿ. ಪ್ರೀಸೆಟ್ ಬದಲಾಯಿಸಿದ ಮೇಲೆ ವಿಚಿತ್ರ ದೋಷಗಳು ಬಂದರೆ 'ಬಿಲ್ಡ್' ಫೋಲ್ಡರ್ ಪೂರ್ತಿ ಅಳಿಸಿ ಮೊದಲಿಂದ ಮಾಡಿ. ವಿಸಿಪಿಕೆಜಿ ಲೈಬ್ರರಿಗಳ ಪ್ರತಿಯನ್ನು ಬೇರೆ ಕಡೆ ಕ್ಯಾಷ್ ಮಾಡಿಟ್ಟಿರುತ್ತದೆ. ಹಾಗಾಗಿ ಎರಡನೇ ಸಲ ಬೇಗ ಮುಗಿಯುತ್ತದೆ.

ಮುಗಿದ ಮೇಲೆ 'ಬಿಲ್ಡ್' ಒಳಗೆ 'ಬಿನ್', ಅದರೊಳಗೆ 'ರಿಲೀಸ್' ಫೋಲ್ಡರ್ ನೋಡಿ. 'ಬಿಟ್‌ಕಾಯಿನ್‌ಡಿ' ಅಂದರೆ ನೋಡ್. 'ಬಿಟ್‌ಕಾಯಿನ್-ಸಿಎಲ್‌ಐ' ಅದರ ಜೊತೆ ಮಾತಾಡುವ ಉಪಕರಣ. 'ಬಿಟ್‌ಕಾಯಿನ್-ಕ್ಯೂಟಿ' ಕಿಟಕಿ ಇರುವ ಆವೃತ್ತಿ. ಇನ್ನೂ ಕೆಲವು ಚಿಕ್ಕಪುಟ್ಟವು ಇರುತ್ತವೆ.

ಓಡಿಸುವ ಮೊದಲು 'ಸಿಟೆಸ್ಟ್' ಎಂಬ ಪರೀಕ್ಷಾ ಕಮಾಂಡ್ ಓಡಿಸಿ. ಬಿಲ್ಡ್ ಫೋಲ್ಡರ್ ಯಾವುದು, ಕಾನ್ಫಿಗ್ ರಿಲೀಸ್ ಅಂತ ಅದಕ್ಕೂ ಹೇಳಬೇಕು. ನಿಮ್ಮ ಕಂಪೈಲರ್, ನಿಮ್ಮ ಲೈಬ್ರರಿ, ನಿಮ್ಮ ಯಂತ್ರ ಸೇರಿ ಹುಟ್ಟಿದ ಈ ಇಎಕ್ಸ್‌ಇಯನ್ನು ಬೇರೆ ಯಾರೂ ಪರೀಕ್ಷಿಸಿಲ್ಲ ಎಂಬುದು ನೆನಪಿರಲಿ.

ಇನ್ನೊಂದು ಪ್ರಶ್ನೆ ಬಹಳ ಜನರಿಗೆ ಬರುತ್ತದೆ. ನನ್ನ ಇಎಕ್ಸ್‌ಇಯ ಹ್ಯಾಷ್ (ಫೈಲ್‌ನ ಒಳಗಿರುವುದರಿಂದ ಲೆಕ್ಕ ಹಾಕಿದ ಗುರುತು ಸಂಖ್ಯೆ), ಅಧಿಕೃತ ಪಟ್ಟಿಯ ಎಸ್‌ಎಚ್‌ಎ256 ಹ್ಯಾಷ್‌ಗೆ ಯಾಕೆ ಹೊಂದುವುದಿಲ್ಲ? ಹೊಂದಲೇಬಾರದು. ಕಂಪೈಲರ್ ಬೇರೆ, ಲೈಬ್ರರಿ ಆವೃತ್ತಿ ಬೇರೆ. ಅಧಿಕೃತ ಫೈಲ್‌ಗಳನ್ನು ಗೀಕ್ಸ್ ಎಂಬ ವ್ಯವಸ್ಥೆಯಲ್ಲಿ ತಯಾರಿಸುತ್ತಾರೆ. ಅದರಲ್ಲಿ ಯಾರು ಎಲ್ಲಿ ಕಂಪೈಲ್ ಮಾಡಿದರೂ ಬೈಟ್‌ಗೆ ಬೈಟ್ ಒಂದೇ ಫೈಲ್ ಬರುತ್ತದೆ. ಹಲವರು ಬೇರೆ ಬೇರೆಯಾಗಿ ತಯಾರಿಸಿ ಹ್ಯಾಷ್‌ಗೆ ಸಹಿ ಹಾಕುತ್ತಾರೆ. ನಿಮ್ಮ ಉದ್ದೇಶ ಅಧಿಕೃತ ಫೈಲ್ ಸರಿಯಿದೆಯಾ ಅಂತ ಪರೀಕ್ಷಿಸುವುದಾದರೆ, ಬೇಕಾದದ್ದು ಲಿನಕ್ಸ್ ಮತ್ತು ಗೀಕ್ಸ್, ವಿಷುಯಲ್ ಸ್ಟುಡಿಯೊ ಅಲ್ಲ.

ನಿಜವಾದ ಹಣ ಮುಟ್ಟುವ ಮುನ್ನ

ಮೊದಲ ಓಟ 'ರೆಗ್‌ಟೆಸ್ಟ್'ನಲ್ಲಿ ಇರಲಿ. ಅದು ನಿಮ್ಮ ಕಂಪ್ಯೂಟರ್ ಒಳಗೇ ಇರುವ ಆಟಿಕೆ ಜಾಲ. ಇಂಟರ್ನೆಟ್ ಬೇಕಿಲ್ಲ, ನಾಣ್ಯಗಳಿಗೆ ಬೆಲೆ ಇಲ್ಲ.

ಒಂದು ಖಾಲಿ ಫೋಲ್ಡರ್ ಮಾಡಿ. ಪ್ರೋಗ್ರಾಮ್ ಅದನ್ನು ತಾನಾಗಿ ಮಾಡಿಕೊಳ್ಳುವುದಿಲ್ಲ, ಇಲ್ಲದಿದ್ದರೆ ದೋಷ ಕೊಟ್ಟು ನಿಲ್ಲುತ್ತದೆ. 'ಬಿಟ್‌ಕಾಯಿನ್‌ಡಿ -ರೆಗ್‌ಟೆಸ್ಟ್' ಜೊತೆಗೆ '-ಡೇಟಾಡಿರ್=' ಅಂತ ಆ ಫೋಲ್ಡರ್ ಹಾದಿ ಕೊಟ್ಟು ಓಡಿಸಿ. ಲಿನಕ್ಸ್‌ನ '-ಡೀಮನ್' ಆಯ್ಕೆ ವಿಂಡೋಸ್‌ನಲ್ಲಿ ಇಲ್ಲ. ಹಾಗಾಗಿ ಈ ವಿಂಡೋ ತೆರೆದೇ ಇರಬೇಕು. ಇನ್ನೊಂದು ವಿಂಡೋ ತೆರೆದು 'ಬಿಟ್‌ಕಾಯಿನ್-ಸಿಎಲ್‌ಐ'ಗೂ ಅದೇ ಎರಡು ಆಯ್ಕೆ ಕೊಟ್ಟು 'ಕ್ರಿಯೇಟ್‌ವ್ಯಾಲೆಟ್', ಆಮೇಲೆ 'ಗೆಟ್‌ನ್ಯೂಅಡ್ರೆಸ್' ಮಾಡಿ. ಬಂದ ವಿಳಾಸಕ್ಕೆ 'ಜನರೇಟ್‌ಟುಅಡ್ರೆಸ್' ಮೂಲಕ 101 ಬ್ಲಾಕ್, ಅಂದರೆ ವ್ಯವಹಾರ ದಾಖಲೆಯ ಕಟ್ಟು ತೆಗೆಸಿ.

101 ಯಾಕೆ? ಹೊಸದಾಗಿ ಹುಟ್ಟಿದ ನಾಣ್ಯಗಳು ಬಳಕೆಗೆ ಸಿಗಬೇಕಾದರೆ ಅವುಗಳ ಮೇಲೆ 100 ಬ್ಲಾಕ್ ಕೂರಬೇಕು. ಈಗ 'ಗೆಟ್‌ಬ್ಯಾಲೆನ್ಸ್' ಕೊಟ್ಟರೆ 50 ತೋರಿಸಬೇಕು. ತೋರಿಸಿದರೆ ನೋಡ್, ವ್ಯಾಲೆಟ್, ಡೇಟಾಬೇಸ್ ಮೂರೂ ಕೆಲಸ ಮಾಡುತ್ತಿವೆ. ಅಲ್ಲಿಂದ ಹಣ ಕಳಿಸಿ ನೋಡುವಾಗ ಶುಲ್ಕ ಅಂದಾಜು ಆಗಲಿಲ್ಲ ಎಂಬ ದೋಷ ಬರುತ್ತದೆ. ಖಾಲಿ ಜಾಲದಲ್ಲಿ ಅಂದಾಜಿಗೆ ಆಧಾರವೇ ಇಲ್ಲವಲ್ಲ! ನೋಡ್ ಶುರು ಮಾಡುವಾಗ '-ಫಾಲ್‌ಬ್ಯಾಕ್‌ಫೀ=0.0002' ಸೇರಿಸಿ.

ನಿಜವಾದ ಜಾಲಕ್ಕೆ ಹೋಗುವಾಗ ಡಿಸ್ಕ್ ನೋಡಿಕೊಳ್ಳಿ. ಪೂರ್ತಿ ಬ್ಲಾಕ್‌ಚೈನ್ 600 ಜಿಬಿ ದಾಟಿದೆ. ಅಷ್ಟು ಜಾಗ ಇಲ್ಲದಿದ್ದರೆ '-ಪ್ರೂನ್=550' ಕೊಡಿ. ಎಲ್ಲವನ್ನೂ ಇಳಿಸಿ ಪರೀಕ್ಷಿಸುತ್ತದೆ, ಆದರೆ ಹಳೆಯ ಬ್ಲಾಕ್‌ಗಳನ್ನು ಬಿಸಾಡುತ್ತಾ ಹೋಗುತ್ತದೆ. 550 ಅಂದರೆ ಮೆಗಾಬೈಟ್, ಅದೇ ಕನಿಷ್ಠ. ಹಳೆಯ ಅಧಿಕೃತ ಆವೃತ್ತಿ ಈ ಕಂಪ್ಯೂಟರ್‌ನಲ್ಲಿ ಮೊದಲೇ ಇದ್ದರೆ, ನಿಮ್ಮ ಹೊಸ ಇಎಕ್ಸ್‌ಇ ತಾನಾಗಿ ಅದೇ ಡೇಟಾ ಫೋಲ್ಡರನ್ನು ತೆರೆಯುತ್ತದೆ. ಅದರಲ್ಲಿ ವ್ಯಾಲೆಟ್ ಇದ್ದರೆ ಮೊದಲು ಬ್ಯಾಕಪ್ ತೆಗೆದು ಬೇರೆ ಡಿಸ್ಕ್‌ನಲ್ಲಿಡಿ.

ಡಬ್ಲ್ಯುಎಸ್‌ಎಲ್ ದಾರಿ ಹಿಡಿದವರಿಗೆ

ಅಡ್ಮಿನ್ ಪವರ್‌ಶೆಲ್‌ನಲ್ಲಿ 'ಡಬ್ಲ್ಯುಎಸ್‌ಎಲ್ --ಇನ್‌ಸ್ಟಾಲ್' ಕೊಟ್ಟು ರೀಸ್ಟಾರ್ಟ್ ಮಾಡಿದರೆ ಉಬುಂಟು ಬರುತ್ತದೆ. ಅದರೊಳಗೆ ಸಿಮೇಕ್ ಮತ್ತು ಮಾಮೂಲಿ ಬಿಲ್ಡ್ ಉಪಕರಣಗಳ ಜೊತೆ ಮಿಂಗ್‌ಡಬ್ಲ್ಯು-ಡಬ್ಲ್ಯು64 ಕಂಪೈಲರ್ ಹಾಕಬೇಕು. ಹೆಸರಿನ ಕೊನೆಗೆ 'ಪೋಸಿಕ್ಸ್' ಇರುವುದನ್ನೇ ಹಾಕಿ. 'ಡಿಪೆಂಡ್ಸ್' ಫೋಲ್ಡರ್‌ನಲ್ಲಿ ವಿಂಡೋಸ್ ಹೋಸ್ಟ್ ಹೆಸರು ಕೊಟ್ಟು 'ಮೇಕ್' ಮಾಡಿದರೆ ಅದು ಲೈಬ್ರರಿಗಳ ಸೋರ್ಸ್ ಇಳಿಸಿ, ಹ್ಯಾಷ್ ತಾಳೆ ನೋಡಿ, ಕಂಪೈಲ್ ಮಾಡುತ್ತದೆ. ಅದು ತಯಾರಿಸಿದ ಟೂಲ್‌ಚೈನ್ ಕಡತವನ್ನು ಸಿಮೇಕ್‌ಗೆ ತೋರಿಸಿ ಬಿಲ್ಡ್ ಮಾಡುವುದು. ಅಷ್ಟೇ ಕೆಲಸ.

ತೊಂದರೆ ಬರುವುದು ನಾಲ್ಕು ಕಡೆ. ಸೋರ್ಸ್ ಅನ್ನು ಸಿ ಡ್ರೈವ್‌ನಲ್ಲಿ ಇಟ್ಟು ಲಿನಕ್ಸ್ ಕಡೆಯಿಂದ ಮುಟ್ಟಬೇಡಿ, ಲಿನಕ್ಸ್‌ನ ಸ್ವಂತ ಹೋಮ್ ಫೋಲ್ಡರ್‌ನಲ್ಲೇ ಕ್ಲೋನ್ ಮಾಡಿ. ವಿಂಡೋಸ್‌ನ ಗಿಟ್‌ನಿಂದ ಇಳಿಸಿದ್ದನ್ನು ಕಾಪಿ ಮಾಡಿ ತರಲೂ ಬೇಡಿ. ಅದು ಸಾಲಿನ ಕೊನೆಯ ಗುರುತುಗಳನ್ನು ಬದಲಿಸಿರಬಹುದು, ಆಗ ಸ್ಕ್ರಿಪ್ಟ್‌ಗಳು ವಿಚಿತ್ರ ದೋಷ ಕೊಟ್ಟು ನಿಲ್ಲುತ್ತವೆ. ಮೂರನೆಯದು, ವಿಂಡೋಸ್‌ನ 'ಪಾತ್' ಪಟ್ಟಿ ಲಿನಕ್ಸ್ ಒಳಗೂ ನುಸುಳುತ್ತದೆ. 'ಪ್ರೋಗ್ರಾಮ್ ಫೈಲ್ಸ್' ಹೆಸರಲ್ಲಿ ಸ್ಪೇಸ್ ಇದೆಯಲ್ಲ, ಅದು ಬಿಲ್ಡ್‌ಗೆ ಅಡ್ಡ ಬರುತ್ತದೆ. 'ಮೇಕ್' ಕೊಡುವ ಮೊದಲು ಆ ಭಾಗವನ್ನು ಪಾತ್‌ನಿಂದ ತೆಗೆದುಹಾಕಿ. ಕೊನೆಯದು ಮೆಮೊರಿ. ಡಬ್ಲ್ಯುಎಸ್‌ಎಲ್ 2 ಮಾಮೂಲಿಯಾಗಿ ಕಂಪ್ಯೂಟರ್‌ನ ಅರ್ಧ ಮೆಮೊರಿ ಮಾತ್ರ ತೆಗೆದುಕೊಳ್ಳುತ್ತದೆ. ಕಂಪೈಲರ್ 'ಕಿಲ್ಡ್' ಅಂತ ಸತ್ತರೆ ಕಾರಣ ಬಹುಪಾಲು ಇದೇ. '.ಡಬ್ಲ್ಯುಎಸ್‌ಎಲ್‌ಕಾನ್ಫಿಗ್' ಕಡತದಲ್ಲಿ ಮಿತಿ ಏರಿಸಿ, 'ಡಬ್ಲ್ಯುಎಸ್‌ಎಲ್ --ಶಟ್‌ಡೌನ್' ಮಾಡಿ ಮತ್ತೆ ತೆರೆಯಿರಿ.

ಬೇರೆ ನಾಣ್ಯಗಳು

ಇದೇ ಸಾಲುಗಳು ಎಲ್ಲದಕ್ಕೂ ನಡೆಯುವುದಿಲ್ಲ. 2011ರಲ್ಲಿ ಬಿಟ್‌ಕಾಯಿನ್‌ನಿಂದ ಕವಲೊಡೆದ ಲೈಟ್‌ಕಾಯಿನ್‌ನಂತಹವು ಬಿಟ್‌ಕಾಯಿನ್‌ನ ಹಳೆಯ ಬಿಲ್ಡ್ ಪದ್ಧತಿಯ ಮೇಲೆ ಕಟ್ಟಿದವು. ಅವಕ್ಕೆ ಡಬ್ಲ್ಯುಎಸ್‌ಎಲ್ ದಾರಿ ವಾಸಿ. ಮೊನೆರೊದ ವಂಶವೇ ಬೇರೆ. ಅದನ್ನು ವಿಂಡೋಸ್‌ನಲ್ಲಿ ಎಂಸಿಸ್2 ಎಂಬ ಲಿನಕ್ಸ್ ತರಹದ ಕಮಾಂಡ್ ಪರಿಸರದ ಒಳಗೆ ಕಂಪೈಲ್ ಮಾಡುತ್ತಾರೆ. ಕ್ಲೋನ್ ಮಾಡುವಾಗ '--ರಿಕರ್ಸಿವ್' ಮರೆತರೆ ಉಪ ರೆಪೊಸಿಟರಿಗಳು ಬರದೆ ಬಿಲ್ಡ್ ನಿಲ್ಲುತ್ತದೆ. ಇಥೀರಿಯಮ್‌ನ ಗೆತ್ ಎಂಬ ಪ್ರೋಗ್ರಾಮ್ ಗೋ ಭಾಷೆಯದ್ದು, ಈ ಎಲ್ಲದರಲ್ಲಿ ಬೇಗ ಮುಗಿಯುವುದು ಅದೇ. ಹೆಸರೇ ಕೇಳಿರದ ನಾಣ್ಯದ ಸೋರ್ಸ್ ಆದರೆ, ಟ್ಯಾಗ್‌ಗಳಿಗೆ ಸಹಿ ಇಲ್ಲ ಅಂದರೆ, ನಾನಂತೂ ಅದನ್ನು ವ್ಯಾಲೆಟ್ ಇರುವ ಕಂಪ್ಯೂಟರ್‌ನಲ್ಲಿ ಕಂಪೈಲ್ ಕೂಡ ಮಾಡುವುದಿಲ್ಲ. ಬಿಲ್ಡ್ ಸ್ಕ್ರಿಪ್ಟ್ ಕೂಡ ನಿಮ್ಮ ಯಂತ್ರದಲ್ಲಿ ಓಡುವ ಪ್ರೋಗ್ರಾಮೇ.

ಹೊಸ ಆವೃತ್ತಿ ಬಂದಾಗ 'ಗಿಟ್ ಫೆಚ್ --ಟ್ಯಾಗ್ಸ್', ಸಹಿ ಪರೀಕ್ಷೆ, ಚೆಕ್‌ಔಟ್, 'ಬಿಲ್ಡ್' ಫೋಲ್ಡರ್ ಅಳಿಸಿ ಮತ್ತೆ ಮೊದಲಿನ ಎರಡು ಸಿಮೇಕ್ ಸಾಲು. ಹಳೆಯ ಇಎಕ್ಸ್‌ಇಗಳನ್ನು ಮಾತ್ರ ತಕ್ಷಣ ಅಳಿಸಬೇಡಿ. ಹೊಸದು ರೆಗ್‌ಟೆಸ್ಟ್‌ನಲ್ಲಿ 50 ತೋರಿಸುವವರೆಗೆ ಅವು ಪಕ್ಕದಲ್ಲೇ ಇರಲಿ.